ಎರಡು ಗಂಟಿನ ವೈರು

ಜುಲೈ 2, ಮಂಗಳವಾರ

ಚಿಂತೆಗಳನ್ನು ಬರೆದಿಡು ಗ್ವೆನ್, ತಲೆಯಿಂದ ಕಾಗದಕ್ಕೆ ಇಳಿಸಿದರೆ ನಿದ್ದೆ ಬರುತ್ತದೆ ಎಂದು ಕ್ಲಿನಿಕ್ಕಿನ ನರ್ಸಮ್ಮ ಹೇಳಿ ಹದಿನೈದು ದಿನವಾಯಿತು. ಬರೆಯುವುದೇ ನನಗೊಂದು ಚಿಂತೆ ಎಂದು ಅವಳಿಗೆ ಹೇಳಲಿಲ್ಲ. ಈ ಪುಸ್ತಕ ಬ್ಯಾಟರಿ ಮಾರುವವರು ಪುಕ್ಕಟೆ ಕೊಟ್ಟದ್ದು. ಯಾರೂ ಓದುವುದಿಲ್ಲ. ತಪ್ಪಾದರೆ ಆಗಲಿ.

ಇಂದಿನವು: ಎಡ ಮಂಡಿ. ನೀರಿನ ತೊಟ್ಟಿಯ ಹಿಂದೆ ಬಿದ್ದಿರುವ ಹಾವಿನ ಪೊರೆ. ನನ್ನ ಯಜಮಾನ ಮರ್ವ್ ಕ್ರೌಸ್ ಗಾಡಿ ರಿಪೇರಿಯ ಶೆಡ್ಡು ಮುಚ್ಚಿಬಿಟ್ಟರೆ ಐವತ್ಮೂರರ ಹೆಂಗಸನ್ನು, ಅದೂ ಆರನೆಯ ತರಗತಿ ಅರ್ಧಕ್ಕೆ ಬಿಟ್ಟವಳನ್ನು, ಈ ಹಾಕರ್ ಊರಿನಲ್ಲಿ ಇನ್ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ.

ಹೊಸ ಕೆಲಸ ಬಂದಿದೆ. ನೋಯೆಲ್ ಹೀಸ್ಲಿಪ್ ಎಂಬವರ ಹಳೆಯ ಡೀಸೆಲ್ ಗಾಡಿ. ವಯಸ್ಸು ಎಪ್ಪತ್ತೊಂದು, ಮರಳುಗಾಡನ್ನು ಒಬ್ಬರೇ ದಾಟುತ್ತಾರಂತೆ. ಗಾಡಿಗೆ ಎರಡು ಬ್ಯಾಟರಿ: ಒಂದು ಎಂಜಿನ್ನು ಎಬ್ಬಿಸಲು, ಇನ್ನೊಂದು ಫ್ರಿಜ್ಜು, ದೀಪ, ರೇಡಿಯೊಗೆ. ಎಂಜಿನ್ನು ಓಡುವಾಗ ಎರಡೂ ತಾವೇ ಕೂಡಿಕೊಂಡು ತುಂಬಿಕೊಳ್ಳುತ್ತವೆ. ನಿಂತ ಮೇಲೆ ಬೇರೆಯಾಗುತ್ತವೆ, ಫ್ರಿಜ್ಜು ತನ್ನ ಪಾಲನ್ನಷ್ಟೇ ತಿನ್ನುತ್ತದೆ. ನಾನು ಮಾಡಬೇಕಾದದ್ದು ಡ್ಯಾಶ್‌ಬೋರ್ಡಿನಲ್ಲಿ ಎರಡು ಪುಟ್ಟ ಮೀಟರು, ಎಡಕ್ಕೆ ಎಂಜಿನ್ನಿನದು, ಬಲಕ್ಕೆ ಫ್ರಿಜ್ಜಿನದು. ಕೆಳಗೆ ನಾಲ್ಕು ಸ್ವಿಚ್ಚು. ಕೊನೆಯದು ಕೆಂಪು ಮುಚ್ಚಳದ್ದು: ಎಂಜಿನ್ ಬ್ಯಾಟರಿ ಸೋತರೆ ಅದನ್ನೊತ್ತಿ ಎರಡನ್ನೂ ಕೈಯಾರೆ ಜೋಡಿಸಬಹುದು.

ವೈರುಗಳಿಗೆ ಮರ್ವ್ ಚೀಟಿ ಅಂಟಿಸುತ್ತಾನೆ. ನಾನು ದಾರದ ಗಂಟು ಹಾಕುತ್ತೇನೆ. ಎಂಜಿನ್ನಿನದಕ್ಕೆ ಒಂದು ಗಂಟು, ಫ್ರಿಜ್ಜಿನದಕ್ಕೆ ಎರಡು. ಅಪ್ಪ ಡಿಂಗೊ ಬೇಲಿ, ಅಂದರೆ ಕಾಡುನಾಯಿ ತಡೆಯುವ ಉದ್ದದ ಬೇಲಿ, ಕಾಯುವಾಗ ತಂತಿಗೆ ಹಾಗೆ ಗುರುತು ಕಟ್ಟುತ್ತಿದ್ದ. ಅಕ್ಷರವನ್ನು ನಾನು ನಂಬುವುದಿಲ್ಲ. ಬೆರಳನ್ನು ನಂಬುತ್ತೇನೆ.

ಜುಲೈ 4, ಗುರುವಾರ

ಇವತ್ತು ಒಳ್ಳೆಯ ದಿನ. ಹೀಗೆ ಬರೆಯಲೂ ಹೆದರಿಕೆ.

ಮರ್ವ್ ಹಲ್ಲು ಕೀಳಿಸಲು ಪೋರ್ಟ್ ಅಗಸ್ಟಾಕ್ಕೆ ಹೋಗಿದ್ದ. ಮೂರು ಗಂಟೆಗೆ ನಾನೊಬ್ಬಳೇ ಗಾಡಿ ಮುಗಿಸಿದೆ. ಎಂಜಿನ್ನು ಚಾಲೂ ಮಾಡಿದೆ. ಎರಡು ಮೀಟರಿನಲ್ಲೂ ಹದಿನಾಲ್ಕು ಚಿಲ್ಲರೆ ವೋಲ್ಟು, ಅವಳಿ ಮಕ್ಕಳ ಹಾಗೆ. ನೋಯೆಲ್ ಬಾನೆಟ್ಟಿನೊಳಗೆ ಬಗ್ಗಿ ನೋಡಿ ಸಿಳ್ಳೆ ಹಾಕಿದರು.

“ಏನಮ್ಮಾ ಇದು! ವೈರಿಂಗೋ ಕಸೂತಿನೋ? ಬಾನೆಟ್ ಮುಚ್ಚೋಕೇ ಮನಸ್ಸು ಬರ್ತಿಲ್ಲ ನೋಡು.”

ನನ್ನ ಕಿವಿ ಬಿಸಿಯಾಯಿತು. ಅಷ್ಟು ಚೆನ್ನಾಗಿ ಯಾರಾದರೂ ಹೇಳಿ ಎಷ್ಟು ದಿನವಾಗಿತ್ತೋ.

“ರಾತ್ರಿ ಇಲ್ಲೇ ಬಿಡ್ಬೇಕು ಅಂದಿದ್ದ ಮರ್ವ್,” ಎಂದರು. “ಆದ್ರೆ ಮಳೆ ಬಂದ್ರೆ ದಾರಿ ಮುಚ್ಚಿಬಿಡ್ತಾರೆ. ಈಗಲೇ ಹೊರಟ್ರೆ ಹೇಗೆ?”

ಅದು ಮರ್ವ್‌ನ ನಿಯಮ. ಎಂಜಿನ್ನು ನಿಲ್ಲಿಸಿ, ಫ್ರಿಜ್ಜು ಹಾಕಿ, ಗಾಡಿಯನ್ನು ಒಂದು ರಾತ್ರಿ ಶೆಡ್ಡಿನಲ್ಲಿ ಇಡಬೇಕು, ಬೆಳಿಗ್ಗೆ ಮೀಟರು ನೋಡಬೇಕು. ಕೆಲಸದ ಹಾಳೆಯಲ್ಲಿ ಅದಕ್ಕೆಂದೇ ಒಂದು ಚೌಕವಿದೆ.

“ಹೊರಡಿ ಹೊರಡಿ, ಎಲ್ಲಾ ನೋಡಿದೀನಿ,” ಎಂದೆ. ಚೌಕದಲ್ಲಿ ಗುರುತು ಹಾಕಿದೆ.

ನೋಡಿದ್ದೆ ತಾನೇ. ಎರಡೂ ಮೀಟರು ತೋರಿಸುತ್ತಿದ್ದವು ತಾನೇ.

ಜುಲೈ 7, ಭಾನುವಾರ

ಬಟ್ಟೆ ಒಗೆಯಲು ಕೂತವಳು ಒಗೆಯದೆ ಎದ್ದೆ.

ವೈರು ಜೋಡಿಸುವಾಗ ಹೆಚ್ಚಾದ ತುದಿ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸ, ಎಂಜಿನ್ನಿಗೆ ಬಿದ್ದರೆ ಹಾಳು. ಎಂಜಿನ್ ಬ್ಯಾಟರಿಯ ಹತ್ತಿರ ಕತ್ತರಿಸಿದ್ದು ಎಡ ಜೇಬಿಗೆ, ಫ್ರಿಜ್ ಬ್ಯಾಟರಿಯ ಹತ್ತಿರ ಕತ್ತರಿಸಿದ್ದು ಬಲಕ್ಕೆ. ಇಪ್ಪತ್ತು ವರ್ಷದಿಂದ ಹೀಗೆಯೇ. ಇವತ್ತು ಎಡ ಜೇಬಿನಿಂದ ಬಂದ ತುಂಡಿನಲ್ಲಿ ಎರಡು ಗಂಟು ಇತ್ತು. ಬಲ ಜೇಬಿನದರಲ್ಲಿ ಒಂದು.

ಮೀಟರಿನ ವೈರುಗಳನ್ನು ಅದಲುಬದಲು ಕೊಟ್ಟಿದ್ದೇನೆ.

ಜೇಬು ಅದಲುಬದಲಾಗಿರಬಹುದು ಎಂದುಕೊಂಡೆ. ಮೇಲಂಗಿ ತೊಟ್ಟು ಅಂಗಳದಲ್ಲಿ ನಿಂತು, ಕತ್ತರಿಸುವ ಹಾಗೆ, ಜೇಬಿಗೆ ಹಾಕುವ ಹಾಗೆ ಐದಾರು ಸಲ ಮಾಡಿ ನೋಡಿದೆ. ಕೈ ತಪ್ಪುವುದಿಲ್ಲ. ಪಕ್ಕದ ಮನೆಯವಳು ಬೇಲಿಯಾಚೆಯಿಂದ, “ಗ್ವೆನ್, ಯಾವ ಡ್ಯಾನ್ಸೇ ಅದು?” ಎಂದಳು.

ಎಂಜಿನ್ನು ಓಡುವಾಗ ಬ್ಯಾಟರಿಗಳು ಕೂಡಿರುತ್ತವೆ, ಆಗ ಎರಡು ಮೀಟರೂ ಒಂದೇ ತೋರಿಸುತ್ತವೆ. ಅದಕ್ಕೇ ನನಗೆ ಗೊತ್ತಾಗಲಿಲ್ಲ. ರಾತ್ರಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಮರ್ವ್ ಆ ಚೌಕ ಮಾಡಿಸಿದ್ದೇ ಈ ತಪ್ಪಿಗಾಗಿ.

ಅವರು ದಿನವೂ ಓಡಿಸುತ್ತಿದ್ದರೆ ಏನೂ ಆಗುವುದಿಲ್ಲ. ಒಂದೇ ಕಡೆ ಎರಡು ಮೂರು ದಿನ ನಿಂತರೆ ಮಾತ್ರ ತೊಂದರೆ. ಫ್ರಿಜ್ಜಿನ ಬ್ಯಾಟರಿ ಇಳಿಯುತ್ತದೆ, ಮೀಟರು ಎಂಜಿನ್ನಿನದು ಇಳಿಯುತ್ತಿದೆ ಎನ್ನುತ್ತದೆ. ಅವರು ಹೆದರಿ ಕೆಂಪು ಮುಚ್ಚಳ ಎತ್ತಿ ಎರಡನ್ನೂ ಜೋಡಿಸಿ ಮಲಗುತ್ತಾರೆ. ಆಗ ಫ್ರಿಜ್ಜು ಎರಡನ್ನೂ ತಿಂದುಹಾಕುತ್ತದೆ. ಎಂಜಿನ್ನೂ ಇಲ್ಲ, ರೇಡಿಯೊನೂ ಇಲ್ಲ.

ಅವರು ಯಾಕೆ ನಿಲ್ಲುತ್ತಾರೆ? ದಾಟುವುದಕ್ಕೆ ತಾನೇ ಹೋಗಿರುವುದು.

ಜುಲೈ 8, ಸೋಮವಾರ

ಮರ್ವ್‌ಗೆ ಹೇಳಬೇಕೆಂದು ಬೇಗ ಹೋದೆ. ಅವನ ಕೆನ್ನೆ ಕುಂಬಳಕಾಯಿ ಆಗಿತ್ತು.

“ಏನೇ ಗ್ವೆನ್ನಿ, ನನ್ನ ಮುಖ ನೋಡಿ ಅಳ್ತೀಯಾ, ನಗ್ತೀಯಾ? ಒಂದು ತೀರ್ಮಾನಕ್ಕೆ ಬಾ.”

“ಮರ್ವ್, ಆ ಹೀಸ್ಲಿಪ್ ಅವರ ಗಾಡಿ…”

“ಫೋನ್ ಮಾಡಿದ್ದ ಮಾರಾಯ್ತಿ, ಮ್ಯಾರೀ ಊರಿಂದ. ಹೊಗಳಿದ್ದೇ ಹೊಗಳಿದ್ದು. ಅವಳನ್ನ ಎಲ್ಲಿಂದ ಹಿಡ್ಕೊಂಡು ಬಂದೆ ಅಂದ. ಬೇಲಿ ಮೇಲಿಂದ ಅಂದೆ.”

ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡ. ನಾನು ಟೀ ಮಾಡಲು ಹೋದೆ. ಹೇಳಲಿಲ್ಲ.

ಈಗ ಅವರ ಫೋನು ಸಿಗುವುದಿಲ್ಲ, ಮರಳು ದಿಬ್ಬಗಳ ನಡುವೆ ಇದ್ದಾರೆ. ಇರುವುದು ರೇಡಿಯೊ ಮಾತ್ರ. ಸಂಜೆ ಐದೂವರೆಗೆ ರೇಡಿಯೊ ಕೇಂದ್ರದ ಬೆವ್ ಹಾಜರಿ ಕರೆಯುತ್ತಾಳೆ, ದಾರಿಯಲ್ಲಿರುವವರು ಒಬ್ಬೊಬ್ಬರಾಗಿ ಎಲ್ಲಿದ್ದೇವೆ, ಹೇಗಿದ್ದೇವೆ ಎಂದು ಹೇಳುತ್ತಾರೆ. ಶೆಡ್ಡಿನಲ್ಲಿ ಮರ್ವ್ ಅದನ್ನು ಹಾಕಿಟ್ಟಿರುತ್ತಾನೆ. ಗುಟ್ಟೆಂಬುದಿಲ್ಲ. ದನದ ಫಾರಂಗಳ ಅಡುಗೆಮನೆಗಳಲ್ಲಿ, ಹೋಟೆಲಿನ ಬಾರಿನಲ್ಲಿ, ಟೆಂಟುಗಳಲ್ಲಿ ಎಲ್ಲರೂ ಕೇಳುತ್ತಾರೆ. ಟೀವಿಗಿಂತ ಅದೇ ಚೆನ್ನ.

“ನೋಯೆಲ್ ಹೀಸ್ಲಿಪ್?”

“ಇದೀನಮ್ಮಾ. ರಿಗ್ ರೋಡಲ್ಲಿ. ನಾನು, ಮರಳು, ಒಂದು ಒಂಟೆ. ಒಂಟೆ ಮಾತು ಬಿಟ್ಟಿದೆ, ಬೇರೆ ಎಲ್ಲಾ ಸರಿ.”

ಎಲ್ಲಾ ಸರಿ. ಅವರೇ ಹೇಳಿದರಲ್ಲ.

ಜುಲೈ 9, ಮಂಗಳವಾರ

ಇವತ್ತೂ ಹೇಳಲಿಲ್ಲ. ಒಂಟಿ ಮರದ ಹತ್ತಿರ ಬೀಡು ಬಿಟ್ಟಿದ್ದಾರೆ. ನಾಳೆ ಹೊರಡುತ್ತಾರೆ.

ಜುಲೈ 10, ಬುಧವಾರ

ಹೊರಡಲಿಲ್ಲ. “ಜಾಗ ಹಿಡಿಸ್ತು ಬೆವ್. ಈ ಹಾಳು ಬಯಲಲ್ಲಿ ಒಂದೇ ಒಂದು ಮರ, ಅದಕ್ಕೂ ಜೊತೆ ಬೇಡ್ವಾ. ಇನ್ನೊಂದು ದಿನ ಇರ್ತೀನಿ.”

ನನ್ನ ಕೈಯಿಂದ ಸ್ಪ್ಯಾನರು ಜಾರಿತು. ಮರ್ವ್, “ಕಾಲು ಇದೆಯಾ?” ಎಂದ. ಇದೆ ಎಂದೆ.

ರಿಗ್ ರೋಡಿನಲ್ಲಿ ವಾರಕ್ಕೆ ಒಂದು ಗಾಡಿ ಹೋದರೆ ಹೆಚ್ಚು.

ಅವರ ಹತ್ತಿರ ಸೋಲಾರ್ ಪ್ಯಾನೆಲ್ ಇದೆ, ಮಡಚುವಂಥದ್ದು, ಹಳೆಯದು. ನಾನೇ ನೋಡಿದ್ದೆ. ಅಪಾಯದ ಬೀಕನ್ನೂ ಇದೆ. ಒತ್ತಿದರೆ ವಿಮಾನವೇ ಬರುತ್ತದೆ. ಹಾಗೆಂದುಕೊಂಡೆ. ಆಮೇಲೆ ಅನ್ನಿಸಿತು, ಬ್ಯಾಟರಿ ಸತ್ತಿದೆ ಎಂದು ಯಾವ ಗಂಡಸು ಬೀಕನ್ ಒತ್ತುತ್ತಾನೆ? ಊರೂರಿನ ಬಾರಿನಲ್ಲಿ ಹತ್ತು ವರ್ಷ ಅದೇ ಮಾತಾಗುತ್ತದೆ. ಸಾಯುವವರೆಗೂ ಒತ್ತುವುದಿಲ್ಲ.

ಜುಲೈ 11, ಗುರುವಾರ

“ಇನ್ನೊಂದ್ ದಿನ… ಇರ್ತೀನಿ. ಎಲ್ಲಾ ಸರಿ.” ಅಷ್ಟೇ. ಒಂಟೆಯೂ ಇಲ್ಲ, ಮರವೂ ಇಲ್ಲ. ದನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. “ನಿಮ್ಮ ಸಿಗ್ನಲ್ ಸಣ್ಣಗಾಗಿದೆ ನೋಯೆಲ್,” ಎಂದಳು ಬೆವ್. “ಹವಾ,” ಎಂದರು ಅವರು.

ಹವಾ ಅಲ್ಲ. ಬ್ಯಾಟರಿ ಇಳಿದ ರೇಡಿಯೊ ಹೇಗೆ ಕೇಳಿಸುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬರೆದೇಬಿಡುತ್ತೇನೆ, ಯಾರೂ ಓದುವುದಿಲ್ಲ. ನಮ್ಮ ಶಾಲೆ ರೇಡಿಯೊದಲ್ಲಿತ್ತು. ಅಪ್ಪನಿಗೆ ಬೇಲಿಯುದ್ದಕ್ಕೂ ಅಲೆಯುವ ಕೆಲಸ, ನಾನು ಲಾರಿಯ ಹಿಂದೆ ಕೂತು ಗುಂಡಿ ಒತ್ತಿ ಟೀಚರಿಗೆ ಉತ್ತರ ಹೇಳಬೇಕು. ಆ ರೇಡಿಯೊದ ಬ್ಯಾಟರಿ ನೋಡಿಕೊಳ್ಳುವುದೂ ನನ್ನದೇ ಕೆಲಸ, ಈ ಕಸುಬು ಕಲಿತದ್ದು ಅಲ್ಲಿ. ಹನ್ನೊಂದು ವರ್ಷದವಳಿದ್ದಾಗ ಒಂದು ದಿನ ಗಟ್ಟಿಯಾಗಿ ಓದುವ ಸರದಿ ನನ್ನದು. ಮಧ್ಯದಲ್ಲಿ ಒಂದು ಪದಕ್ಕೆ ನಿಂತುಬಿಟ್ಟೆ. ಗುಂಡಿ ಒತ್ತಿಯೇ ಇದ್ದೆ. ನೂರಾರು ಮೈಲಿ ದೂರದ ಮನೆಗಳಲ್ಲೆಲ್ಲ ನನ್ನ ಉಸಿರು ಮಾತ್ರ ಕೇಳಿಸಿತು. ಬಿಟ್ಟ ತಕ್ಷಣ ಯಾರೋ ಒಬ್ಬ ಹುಡುಗ ಗುಂಡಿ ಒತ್ತಿ ನನ್ನ ಹಾಗೆಯೇ ಉಸಿರು ಬಿಟ್ಟ. ಆಮೇಲೆ ಇನ್ನೊಬ್ಬ. ಆಮೇಲೆ ಎಲ್ಲರೂ.

ಮರುದಿನ ಬ್ಯಾಟರಿಯ ಒಳಗಿನ ನೀರು ಚೆಲ್ಲಿದೆ. ಬ್ಯಾಟರಿ ಸತ್ತಿದೆ ಅಪ್ಪಾ ಎಂದೆ. ಹೊಸದು ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ಶಾಲೆ ನನ್ನನ್ನು ಬಿಟ್ಟು ಮುಂದೆ ಹೋಗಿತ್ತು. ತಾನು ತಂದದ್ದೇ ಕಳಪೆ ಬ್ಯಾಟರಿ, ತಾನೇ ಮಗಳ ಓದು ಹಾಳು ಮಾಡಿದೆನೆಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ. ಆಸ್ಪತ್ರೆಯಲ್ಲೂ ಹೇಳಿದ. ನಾನು ಅವನ ಕೈ ಹಿಡಿದುಕೊಂಡು ಕೂತಿದ್ದೆ, ಬಾಯಿ ಬಿಡಲಿಲ್ಲ.

ಜುಲೈ 12, ಶುಕ್ರವಾರ

ಹತ್ತು ಗಂಟೆಯ ಟೀ ಹೊತ್ತಿಗೆ ಹೇಳಿದೆ. ಮರ್ವ್ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ್ದ. ಅದು ಕರಗಿ ಲೋಟದೊಳಗೆ ಬೀಳುವವರೆಗೂ ಹಾಗೇ ಹಿಡಿದಿದ್ದ.

“ಚೌಕದಲ್ಲಿ ಗುರುತಿತ್ತಲ್ಲ.”

“ನಾನೇ ಹಾಕಿದ್ದು.”

“ರಾತ್ರಿ ಇಡದೆ?”

“ಇಡದೆ.”

“ಯಾವಾಗ ಗೊತ್ತಾಯ್ತು?”

“ಭಾನುವಾರ.”

ಅವನು ಬೆರಳು ಮಡಚಿ ಎಣಿಸಿದ. ಬೈದಿದ್ದರೆ ಚೆನ್ನಾಗಿತ್ತು. “ಐದು ದಿನ, ಗ್ವೆನ್ನಿ,” ಎಂದ, ಅಷ್ಟೇ. ಆಮೇಲೆ ಎದ್ದು ಬೆವ್‌ಗೆ ಫೋನು ಮಾಡಿದ. ಅವಳು ಹಗಲಿನಲ್ಲಿ ಮೂರು ಸಲ ಕರೆದು ನೋಡಿದಳಂತೆ, ಉತ್ತರವಿಲ್ಲ. ಬ್ಯಾಟರಿ ಉಳಿಸಲು ಆರಿಸಿಟ್ಟಿರಬೇಕು. ಸಂಜೆಯವರೆಗೆ ಕಾಯೋಣ, ಹಾಜರಿಗೂ ಬರದಿದ್ದರೆ ಪೊಲೀಸರಿಗೆ ಹೇಳೋಣ ಎಂದಳಂತೆ.

“ನೀನೇ ಹೇಳು ಮರ್ವ್. ಶೆಡ್ಡು ನಿನ್ನದು. ನನಗೆ ಆ ಗುಂಡಿ ಒತ್ತೋಕೆ ಆಗಲ್ಲ.”

“ನನ್ನ ಬಾಯಿ ನೋಡೇ. ಮಾತಾಡಿದ್ರೆ ಗಂಜಿ ಕುದ್ದಂಗೆ ಕೇಳ್ಸುತ್ತೆ. ಅವನಿಗೆ ಒಂದೊಂದು ಪದಾನೂ ಅರ್ಥ ಆಗ್ಬೇಕು. ಹಲ್ಲಿರೋರು ಮಾತಾಡ್ಲಿ.”

ಅವನ ಬಾಯಿ ಅಷ್ಟೇನೂ ಕೆಟ್ಟಿರಲಿಲ್ಲ. ಮಧ್ಯಾಹ್ನವೆಲ್ಲ ಸರಬರಾಜಿನವರಿಗೆ ಫೋನಿನಲ್ಲಿ ಚೆನ್ನಾಗಿಯೇ ಬೈಯುತ್ತಿದ್ದ.

ಐದೂವರೆ. ಬೆವ್ ಬೇರೆ ಎಲ್ಲರನ್ನೂ ಬಿಟ್ಟು ಮೊದಲು ಅವರ ಹೆಸರು ಕರೆದಳು. ಗುಂಯ್‌ಗುಟ್ಟುವ ಸದ್ದು. ಎರಡನೆಯ ಸಲ. ಮೂರನೆಯ ಸಲ, ತೀರಾ ಆಚೆಯಿಂದ: “…ಇದೀನಿ. ಎಲ್ಲಾ ಸ…”

“ನೋಯೆಲ್, ಹಾಕರಿಂದ ನಿಮಗೊಂದು ಮಾತು. ಬೇರೆ ಯಾರೂ ಗುಂಡಿ ಮುಟ್ಟಬೇಡಿ.”

ಗುಂಡಿ ಒತ್ತಿದೆ. ಮಾತು ಬರಲಿಲ್ಲ. ಅದೇ ಉಸಿರು. ಎಷ್ಟು ಹೊತ್ತೋ ಗೊತ್ತಿಲ್ಲ. ನಗುವವರು ನಗಲಿ ಎಂದು ಅನ್ನಿಸಲಿಲ್ಲ, ಅಂಥ ಧೈರ್ಯ ನನಗಿಲ್ಲ. ಅವರ ಬ್ಯಾಟರಿ ಇಳಿಯುತ್ತಿದೆ, ನನ್ನ ಉಸಿರು ಕೇಳಿಸಿ ಅದನ್ನು ಖರ್ಚು ಮಾಡುತ್ತಿದ್ದೇನೆ ಎಂದು ಮಾತ್ರ ಅನ್ನಿಸಿತು.

“ನಾನು ಗ್ವೆನ್ ಟ್ರೆಗೆಂಜಾ. ನಿಮ್ಮ ಗಾಡಿಗೆ ವೈರು ಎಳೆದವಳು. ಮೀಟರು ಎರಡೂ ಅದಲುಬದಲು ಕೊಟ್ಟಿದ್ದೀನಿ. ಎಂಜಿನ್ ಅಂತ ಬರೆದಿರೋದು ಫ್ರಿಜ್ಜಿಂದು, ಫ್ರಿಜ್ ಅಂತ ಬರೆದಿರೋದು ಎಂಜಿನ್ನಿಂದು. ನಿಮ್ಮ ತಪ್ಪಲ್ಲ. ರಾತ್ರಿ ಇಟ್ಟು ನೋಡ್ಬೇಕಿತ್ತು, ನೋಡ್ಲಿಲ್ಲ. ನೋಡಿದೀನಿ ಅಂತ ಸುಳ್ಳು ಗುರುತು ಹಾಕ್ದೆ. ಭಾನುವಾರವೇ ಗೊತ್ತಾಗಿತ್ತು, ಹೇಳ್ಲಿಲ್ಲ.”

ಬಿಟ್ಟೆ. ಯಾರೂ ಉಸಿರಾಡಿ ತೋರಿಸಲಿಲ್ಲ.

ಆಮೇಲೆ ಅವರು. ಬಿಟ್ಟು ಬಿಟ್ಟು ಬಂತು. ಬೆವ್ ಮತ್ತೆ ಹೇಳಿ ಖಾತರಿ ಮಾಡಿಕೊಂಡಳು.

“ದೀಪ ಹಾಕಿಟ್ಟು ಮರೆತೆ ಅಂದ್ಕೊಂಡೆ ಕಣಮ್ಮ. ಎಂಜಿನ್ ಬ್ಯಾಟರಿ ಇಳೀತಿತ್ತು, ಫ್ರಿಜ್ಜಿಂದು ಗಟ್ಟಿ ಇತ್ತು. ಎರಡನ್ನೂ ಜೋಡಿಸಿ ಮಲಗ್ದೆ. ನಿನ್ನೆಯಿಂದ ಗಾಡಿ ಕೆಮ್ಮೋದೂ ಇಲ್ಲ. ಈ ವಯಸ್ಸಲ್ಲಿ ನಿನಗ್ಯಾಕಪ್ಪಾ ಮರಳುಗಾಡು ಅಂದಿದ್ಲು ಮಗಳು. ಅವಳೂ ಕೇಳ್ತಿರ್ತಾಳೆ… ಅದಕ್ಕೇ ಎಲ್ಲಾ ಸರಿ ಅಂದೆ.”

ಅವರೂ ನಾಚಿಕೊಂಡೇ ಕೂತಿದ್ದರು, ಆ ಮರದ ಕೆಳಗೆ. ನನ್ನ ನಾಚಿಕೆಯನ್ನು ಅವರು ತಮ್ಮದೆಂದು ಹೊತ್ತುಕೊಂಡಿದ್ದರು. ಅಪ್ಪನ ಹಾಗೆ.

ಏನು ಮಾಡಬೇಕೆಂದು ಹೇಳಿದೆ. ಫ್ರಿಜ್ಜು ಆರಿಸಿ. ಕೆಂಪು ಸ್ವಿಚ್ಚು ಆರಿಸಿ. ಪ್ಯಾನೆಲ್ಲಿನ ಕ್ಲಿಪ್ಪುಗಳನ್ನು ತಂದು ನೇರ ಎಂಜಿನ್ ಬ್ಯಾಟರಿಗೇ ಹಚ್ಚಿ, ಬಾನೆಟ್ಟಿನ ಕೆಳಗೆ, ಬಲಗಡೆಯದು. ಸೂರ್ಯ ತಿರುಗಿದ ಹಾಗೆ ಪ್ಯಾನೆಲ್ ತಿರುಗಿಸುತ್ತಿರಿ. ಎರಡು ದಿನ ಗಾಡಿ ಎಬ್ಬಿಸಲು ಹೋಗಬೇಡಿ, ಎಷ್ಟೇ ಆಸೆಯಾದರೂ. ನಾಡಿದ್ದು ಮಧ್ಯಾಹ್ನ ಎಬ್ಬಿಸಿ. ಒಂದೊಂದನ್ನೂ ಎರಡೆರಡು ಸಲ ಹೇಳಿದೆ. ಎಲ್ಲಿಯೂ ನಿಲ್ಲಲಿಲ್ಲ ಎಂದು ಮರ್ವ್ ಹೇಳಿದ. ನನಗೆ ನೆನಪಿಲ್ಲ.

ನೀರು ಎಷ್ಟಿದೆ ಎಂದು ಬೆವ್ ಕೇಳಿದಳು. ಮೂವತ್ತು ಲೀಟರ್. ನಾಡಿದ್ದು ಸಂಜೆಯ ಹಾಜರಿಗೆ ಬರದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದಳು. ಅವರು ಹೂಂ ಎಂದರು.

ಜುಲೈ 13, ಶನಿವಾರ

ಇಲ್ಲಿ ಮೋಡ. ಬೆಳಿಗ್ಗೆಯಿಂದ ನಾಲ್ಕು ಸಲ ಬೆವ್‌ಗೆ ಕರೆ ಮಾಡಿದೆ. “ಅಲ್ಲಿ ಬಿಸಿಲಿದೆ ಕಣೇ, ಮಾಡೋ ಕೆಲಸ ಮಾಡು,” ಎಂದಳು ನಾಲ್ಕನೆಯ ಸಲ.

ಅಂಗಡಿಗೆ ಹಾಲಿಗೆ ಹೋದಾಗ ಇಬ್ಬರು ಮಾತು ನಿಲ್ಲಿಸಿದರು. ನಾನು ಹಾಲಿನ ಡಬ್ಬಿಯನ್ನೇ ಓದುತ್ತಾ ನಿಂತೆ.

ಜುಲೈ 14, ಭಾನುವಾರ

ಎಬ್ಬಿಸಿದ್ದಾರೆ. ಎರಡು ಗಂಟೆಗೆ. ಸಂಜೆ ಅವರ ದನಿ ಪಕ್ಕದ ಕೋಣೆಯಲ್ಲಿದ್ದ ಹಾಗೆ ಬಂತು. “ಮೊದಲನೇ ಸಲ ಗೊಣಗ್ತು, ಎರಡನೇ ಸಲ ಎದ್ದೇಬಿಡ್ತು. ಗ್ವೆನ್ ಇದಾಳಾ?”

“ಇದೀನಿ,” ಎಂದೆ.

“ಮೀಟರಿನ ಚೀಟಿ ಕಿತ್ತು ಅದಲುಬದಲು ಅಂಟಿಸ್ದೆ. ಈಗ ಸರಿ ಹೋಯ್ತು ನೋಡು, ಬರೋ ಖರ್ಚೇ ಉಳೀತು.”

ಆಗ ನಕ್ಕರು. ಎಲ್ಲರೂ. ಬರ್ಡ್ಸ್‌ವಿಲ್ ಕಡೆಯ ಯಾವನೋ, “ಬೆವ್, ನನ್ನ ಹೆಂಡ್ತಿ ಮೀಟರೂ ಅದಲುಬದಲಾಗಿದೆ, ಗ್ವೆನ್ನ ಕೇಳು,” ಎಂದ. “ನಿಮ್ಮ ಹೆಂಡ್ತಿದು ಸರಿ ಇದೆ, ನಿಮ್ಮದನ್ನ ತಗೊಂಡು ಬನ್ನಿ,” ಎಂದೆ. ಮುಖ ಮಾತ್ರ ಉರಿಯುತ್ತಲೇ ಇತ್ತು. ಈಗಲೂ ಉರಿಯುತ್ತಿದೆ.

ಚಿಂತೆ: ಕ್ಷಮಿಸಿ ಎಂಬ ಮಾತನ್ನೇ ನಾನು ಆಡಲಿಲ್ಲ. ಎಲ್ಲಾ ಹೇಳಿದೆ, ಅದೊಂದನ್ನು ಬಿಟ್ಟೆ.

ಜುಲೈ 22, ಸೋಮವಾರ

ನೋಯೆಲ್ ಇವತ್ತು ಮಧ್ಯಾಹ್ನ ಬಂದರು. ಸುಟ್ಟ ಮೂಗು, ನಗು. ಚೀಟಿಗಳು ಸೊಟ್ಟಗೆ ಅಂಟಿದ್ದವು. ಹಾಗೇ ಇರಲಿ ಬಿಡು ಎಂದರು. ಇರಬಾರದು ಎಂದೆ. ಕ್ಷಮಿಸಿ ಎಂದೂ ಹೇಳಿದೆ, ಗಾಡಿಯ ಕೆಳಗಿನಿಂದ. ಕೇಳಿಸಿತೋ ಇಲ್ಲವೋ. ನನ್ನ ಬೂಟನ್ನು ತಮ್ಮ ಕಾಲಿಂದ ಮೆಲ್ಲಗೆ ತಟ್ಟಿದರು.

ಎರಡು ಗಂಟಿನದು ಫ್ರಿಜ್ಜಿಗೆ, ಒಂದು ಗಂಟಿನದು ಎಂಜಿನ್ನಿಗೆ. ಅವರಿಂದಲೂ ಮುಟ್ಟಿಸಿ ಎಣಿಸಿದೆ.

ಮರ್ವ್ ಹಳೆಯ ಹಾಳೆಯನ್ನು ಹರಿದಿಲ್ಲ. ಹರಿದುಬಿಡು ಎಂದು ಬೇಡಿಕೊಂಡೆ. “ನಿನ್ನ ಕೈಬರಹ. ನೀನೇ ಏನಾದ್ರೂ ಮಾಡು,” ಎಂದು ಮುಂದಿಟ್ಟ. ಆ ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ‘ನೋಡಲಿಲ್ಲ, ಗ್ವೆನ್’ ಎಂದು ಬರೆದೆ. ಅದು ಕಡತದಲ್ಲಿಯೇ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು.

ನರ್ಸಮ್ಮ ಕೇಳಿದಳು, ಚಿಂತೆ ಕಡಿಮೆಯಾಯಿತಾ ಎಂದು. ಇಲ್ಲ ಎಂದೆ. ಹಾವಿನ ಪೊರೆ ಇನ್ನೂ ಅಲ್ಲೇ ಇದೆ.

ಗಾಡಿ ಈ ರಾತ್ರಿ ಶೆಡ್ಡಿನಲ್ಲಿದೆ. ಎಂಜಿನ್ನು ನಿಲ್ಲಿಸಿದೆ, ಫ್ರಿಜ್ಜು ಹಾಕಿದೆ, ಒಳಗೆ ಮರ್ವ್‌ನ ಬಿಯರು ಇದೆ. ನೋಯೆಲ್ ಊರಿನ ಹೋಟೆಲಿನಲ್ಲಿ ತಂಗಿದ್ದಾರೆ. ಬೆಳಿಗ್ಗೆ ಏಳಕ್ಕೆ ಮೂವರೂ ಹೋಗಿ ನೋಡಬೇಕು. ಹೊಸ ಹಾಳೆ ನನ್ನ ಬೆಂಚಿನ ಮೇಲಿದೆ, ಎಲ್ಲಾ ತುಂಬಿಸಿಯಾಗಿದೆ.

ಚೌಕ ಖಾಲಿ ಬಿಟ್ಟಿದ್ದೇನೆ.